ಮಣಿಪುರದ ಕಾಡುಗುಲಾಬಿ ಮಲೆನಾಡಿನ ಹಿತ್ತಲಲ್ಲಿ: ರೋಸಾ ಜೈಗಾಂಟಿಯಾ ಬೆಳೆಸಿದವರ ಒಂದು ವಿಮರ್ಶೆ

ಫೆಬ್ರವರಿಯ ಎರಡನೆಯ ವಾರದ ಒಂದು ಬೆಳಿಗ್ಗೆ ನಮ್ಮ ಮನೆಯ ಹಿಂದಿನ ಹಾಲುವಾಣ ಮರಕ್ಕೆ ಏಣಿ ಹಾಕಿ ಹತ್ತಿ, ಅಲ್ಲಿ ಅರಳಿದ್ದ ಗುಲಾಬಿಯೊಂದನ್ನು ದರ್ಜಿಯ ಟೇಪಿನಿಂದ ಅಳೆದೆ. ಅಡ್ಡಳತೆ ಸರಿಯಾಗಿ 12 ಸೆಂಟಿಮೀಟರ್ ಇತ್ತು. ಅದಕ್ಕಿದ್ದದ್ದು ಐದೇ ಎಸಳು. ಯಾರೂ ತಳಿ ಬೆರೆಸಿ ತಿದ್ದದ, ಕಾಡಿನಲ್ಲಿ ತಾನಾಗಿ ಹುಟ್ಟಿದ ಪ್ರಭೇದವೊಂದು ಇಷ್ಟು ದೊಡ್ಡ ಹೂವನ್ನು ಬಿಡುತ್ತದೆಂಬುದನ್ನು ನಾನು ಓದಿ ತಿಳಿದಿದ್ದೆನಾದರೂ, ಅಂಗೈ ತುಂಬ ಹಿಡಿದು ನೋಡುವವರೆಗೆ ಮನಸ್ಸಿಗೆ ಪೂರ್ತಿ ನಾಟಿರಲಿಲ್ಲ. ರೋಸಾ ಜೈಗಾಂಟಿಯಾ ಎಂಬ ಈ ಹಂಬುಗುಲಾಬಿಯ ಸಸಿಯನ್ನು ಕೊಳ್ಳಬೇಕೇ ಬೇಡವೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಿಗಾಗಿ, ಮೂಡಿಗೆರೆಯ ಕಡೆಯ ನಮ್ಮ ಕಾಫಿ ತೋಟದಲ್ಲಿ ಇದನ್ನು ಬೆಳೆಸಿದ ವರ್ಷಗಳ ಅನುಭವವನ್ನು, ಗಿಡದ ಗುಣದೋಷಗಳೆರಡನ್ನೂ ಮುಚ್ಚಿಡದೆ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಿಡದ ಊರು ತಿಳಿದಿರಬೇಕು, ಏಕೆಂದರೆ ಇದರ ಸ್ವಭಾವವೆಲ್ಲ ಅಲ್ಲಿಂದ ಬಂದದ್ದು. ಮಣಿಪುರ, ನಾಗಾಲ್ಯಾಂಡ್‌ಗಳ ಬೆಟ್ಟಗಳು, ಅವುಗಳ ಆಚೆಗಿನ ಬರ್ಮಾದ ಮೇಲ್ನಾಡು, ಮತ್ತೂ ಪೂರ್ವಕ್ಕೆ ಚೀನಾದ ಯುನ್ನಾನ್ ಪ್ರಾಂತ ಇದರ ನೆಲೆ. 1882ರಲ್ಲಿ ಮಣಿಪುರದ ಗಡಿ ಸರ್ವೇಕ್ಷಣೆಯ ತಂಡದೊಂದಿಗೆ ಹೋಗಿದ್ದ ಸಸ್ಯವಿಜ್ಞಾನಿ ಜಾರ್ಜ್ ವಾಟ್ ಇದನ್ನು ಸಂಗ್ರಹಿಸಿದರು. 1888ರಲ್ಲಿ ಬರ್ಮಾದ ಶಾನ್ ಬೆಟ್ಟಗಳಲ್ಲಿ ಸೇನಾಧಿಕಾರಿ ಹೆನ್ರಿ ಕೊಲೆಟ್ ಅವರಿಗೆ ಮತ್ತೆ ಸಿಕ್ಕಿತು. ಇಂದಿನ ಹೆಸರು ಆ ಸಂಗ್ರಹದಿಂದ ನಿಂತಿದೆ. ಮರಗಳನ್ನು ಹಿಡಿದು ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತು ಮೀಟರ್ ಎತ್ತರಕ್ಕೆ ಏರುವ ಇದನ್ನು ಕಾಡುಗುಲಾಬಿಗಳಲ್ಲೆಲ್ಲ ಅತಿ ದೊಡ್ಡದೆಂದು ಎಣಿಸುತ್ತಾರೆ. ಉಖ್ರುಲ್ ಜಿಲ್ಲೆಯ ಶಿರೂಯ್ ಬೆಟ್ಟವನ್ನು ನಮ್ಮಲ್ಲಿ ಹಲವರು ಅಲ್ಲಿನ ಲಿಲಿಯ ಹೆಸರಿನಿಂದ ಬಲ್ಲರು. ಆ ಲಿಲಿಯನ್ನು ಲೋಕಕ್ಕೆ ಪರಿಚಯಿಸಿದ ಸಸ್ಯಾನ್ವೇಷಕ ಫ್ರಾಂಕ್ ಕಿಂಗ್ಡನ್ ವಾರ್ಡ್ 1948ರಲ್ಲಿ ಅದೇ ಸೀಮೆಯಲ್ಲಿ ಈ ಗುಲಾಬಿಯನ್ನೂ ಕಂಡಿದ್ದರು.

ಆ ಬೆಟ್ಟಗಳಲ್ಲಿ ಮುಂಗಾರಿನ ಮಳೆ ಜೋರಾಗಿ ಸುರಿಯುತ್ತದೆ, ಚಳಿಗಾಲ ಒಣಗಿರುತ್ತದೆ, ಹಿಮ ಬಿದ್ದು ನೆಲ ಹೆಪ್ಪುಗಟ್ಟುವ ದಿನಗಳು ಈ ಗಿಡ ಬೆಳೆಯುವ ಎತ್ತರದಲ್ಲಿ ಅಪರೂಪ. ಇದನ್ನು ಓದಿದಾಗ ನನಗೆ ನಮ್ಮ ಮಲೆನಾಡೇ ಕಣ್ಣ ಮುಂದೆ ಬಂದಿತು. ನಮ್ಮ ಪೇಟೆಗಳಲ್ಲಿ ಸಿಗುವ ಗುಲಾಬಿಗಳಲ್ಲಿ ಬಹುಪಾಲು ಚಳಿದೇಶಗಳಲ್ಲಿ, ಅಲ್ಲಿನ ಹಿಮವನ್ನು ತಾಳಲೆಂದು ಆಯ್ದು ಬೆಳೆಸಿದ ತಳಿಗಳು. ಜೂನ್ ತಿಂಗಳು ಬಂದೊಡನೆ ಅವುಗಳ ಎಲೆಗಳಲ್ಲಿ ಕಪ್ಪುಚುಕ್ಕೆ ಕಾಣಿಸಿಕೊಂಡು, ಆಗಸ್ಟ್ ಹೊತ್ತಿಗೆ ಗಿಡ ಬೋಳಾಗಿ ನಿಲ್ಲುವುದನ್ನು ಮಲೆನಾಡಿನಲ್ಲಿ ಗುಲಾಬಿ ಬೆಳೆಸಿದ ಎಲ್ಲರೂ ಬಲ್ಲರು. ಅದಕ್ಕೆ ವಾರಕ್ಕೊಮ್ಮೆ ಔಷಧಿ ಹೊಡೆದು ಹೊಡೆದು ಸಾಕಾಗಿದ್ದ ನನಗೆ, ಮಳೆಯಲ್ಲೇ ಹುಟ್ಟಿ ಬೆಳೆದ ಗುಲಾಬಿಯೊಂದು ನಮ್ಮ ದೇಶದಲ್ಲೇ ಇದೆಯೆಂಬ ಸಂಗತಿ ದೊಡ್ಡ ಆಸೆಯನ್ನು ಹುಟ್ಟಿಸಿತು.

ಆದರೆ ಸಸಿ ದೊರಕಿಸುವುದೇ ಮೊದಲ ಕಷ್ಟ. 2017ರಲ್ಲಿ ಒಂದು ನರ್ಸರಿಯಿಂದ 400 ರೂಪಾಯಿ ಕೊಟ್ಟು ತರಿಸಿದ ಗಿಡ ಚೆನ್ನಾಗಿಯೇ ಚಿಗುರಿತು. ಮರುವರ್ಷ ಅದರಲ್ಲಿ ಗೊಂಚಲು ಗೊಂಚಲಾಗಿ, ಒಂದು ರೂಪಾಯಿ ನಾಣ್ಯದಷ್ಟೇ ಅಗಲದ ಬಿಳಿ ಹೂಗಳು ಅರಳಿದಾಗ ಮೋಸಹೋದದ್ದು ತಿಳಿಯಿತು. ಕಸಿ ಮಾಡಿದ ಕಣ್ಣು ಸತ್ತು, ಕೆಳಗಿನ ಬೇರುಗಿಡವೇ ಚಿಗುರಿ ಬೆಳೆದಿತ್ತು. ಅದು ಮಲ್ಟಿಫ್ಲೋರಾ ಗುಲಾಬಿ. ಮಾರಿದವರಿಗೆ ಚಿತ್ರ ಕಳಿಸಿ ಕೇಳಿದರೆ ಉತ್ತರವೇ ಬರಲಿಲ್ಲ. ಹಣಕ್ಕಿಂತಲೂ ಒಂದು ವರ್ಷ ಕಳೆದುಹೋದದ್ದಕ್ಕೆ ನನಗೆ ಬೇಸರವಾಯಿತು. ಆಮೇಲೆ ಕಲಿತ ಗುರುತೊಂದನ್ನು ಕೊಳ್ಳುವವರು ನೆನಪಿಟ್ಟುಕೊಳ್ಳಬೇಕು: ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಎರಡು ಬದಿಗೂ ಪುಟ್ಟ ರೆಕ್ಕೆಯಂತಹ ಭಾಗವಿರುತ್ತದೆ, ಮಲ್ಟಿಫ್ಲೋರಾದಲ್ಲಿ ಅದರ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುತ್ತದೆ, ಜೈಗಾಂಟಿಯಾದಲ್ಲಿ ಹಾಗೆ ಸೀಳಿರುವುದಿಲ್ಲ. ಜೊತೆಗೆ ಜೈಗಾಂಟಿಯಾದ ಕಿರುಎಲೆಗಳು ನೀಳವಾಗಿ, ತುದಿ ಚೂಪಾಗಿ, ಮುಟ್ಟಿದರೆ ನುಣುಪಾಗಿರುತ್ತವೆ. ಹೊಸ ಚಿಗುರು ಮಾವಿನ ಚಿಗುರಿನಂತೆ ಕೆಂಪುಗಂದು ಬಣ್ಣದಲ್ಲಿ ಹೊಳೆಯುತ್ತದೆ. ಸಸಿಯ ಮೇಲೆ ಈ ಗುರುತುಗಳನ್ನು ನೋಡದೆ ಹಣ ಕೊಡಬೇಡಿ. ಸಾಧ್ಯವಾದರೆ ಕಸಿ ಗಿಡಕ್ಕಿಂತ ಕಡ್ಡಿಯಿಂದ ಬೇರು ಬರಿಸಿದ ಗಿಡವನ್ನೇ ಕೇಳಿ, ಏಕೆಂದರೆ ಅದರಲ್ಲಿ ಬುಡದಿಂದ ಏನು ಚಿಗುರಿದರೂ ಅದೇ ಜಾತಿಯದಾಗಿರುತ್ತದೆ.

2018ರ ಜೂನ್‌ನಲ್ಲಿ ಗುಲಾಬಿ ಹುಚ್ಚಿನ ಹಿರಿಯರೊಬ್ಬರು ತಮ್ಮ ಗಿಡದ ಕಡ್ಡಿಯಿಂದ ಬೆಳೆಸಿದ ಸಸಿಯನ್ನು ನನಗೆ ಕೊಟ್ಟರು. ಈಗ ನಮ್ಮಲ್ಲಿರುವುದು ಅದೇ. ಎರಡಡಿ ಚದರ, ಎರಡಡಿ ಆಳದ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ತೋಟದ ಮೇಲ್ಮಣ್ಣು ಬೆರೆಸಿ ತುಂಬಿ, ನೀರು ನಿಲ್ಲದಂತೆ ಬುಡವನ್ನು ದಿಬ್ಬ ಮಾಡಿ ನೆಟ್ಟೆ. ಆಮೇಲೆ ಮಾಡಿದ್ದು ಹೆಚ್ಚೇನಿಲ್ಲ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ನೀರು, ವರ್ಷಕ್ಕೊಮ್ಮೆ ಗೊಬ್ಬರ, ಅಷ್ಟೇ. ಒಮ್ಮೆಯೂ ಔಷಧಿ ಹೊಡೆದಿಲ್ಲ. ಇದೇ ಈ ಗಿಡದ ಮೊದಲ ದೊಡ್ಡ ಗುಣ. ಪಕ್ಕದ ಮಡಿಯಲ್ಲಿರುವ, ಹೈಬ್ರಿಡ್ ಟೀ ಎಂದು ಕರೆಯುವ ಪೇಟೆಯ ಗುಲಾಬಿ ಗಿಡಗಳು ಮಳೆಗಾಲದಲ್ಲಿ ಎಲೆಯುದುರಿಸಿ ಕಡ್ಡಿಗಳಾಗಿ ನಿಂತಾಗ, ಇದು ಜುಲೈ ತಿಂಗಳ ಬಿಡದ ಮಳೆಯಲ್ಲೂ ಹಸುರಾಗಿ, ತೊಳೆದಿಟ್ಟ ಹಾಗೆ ಹೊಳೆಯುತ್ತದೆ. ಕೆಳಗಿನ ಹಳೆಯ ಎಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಕಂಡಿದ್ದೇನೆ, ಗಿಡವನ್ನು ಬಳಲಿಸುವಷ್ಟು ಎಂದೂ ಕಂಡಿಲ್ಲ. ಬಿಸಿಲು ಏರಿದಾಗ ಎಳೆಚಿಗುರಿನ ಮೇಲೆ ನುಸಿ ಕೂರುವುದುಂಟು. ಅದನ್ನು ನೀರಿನ ಪೈಪಿನಿಂದಲೇ ತೊಳೆದು ಬಿಡುತ್ತೇನೆ.

ತಾಳ್ಮೆಯಿಲ್ಲದವರಿಗೆ ಮಾತ್ರ ಈ ಗಿಡ ಹೇಳಿ ಮಾಡಿಸಿದ್ದಲ್ಲ. ಮೊದಲ ಎರಡು ವರ್ಷ ಅದು ಬೆಳೆಯುವುದೊಂದನ್ನೇ ಮಾಡಿತು. ಬೆರಳು ಗಾತ್ರದ ಹಂಬುಗಳು ಒಂದೊಂದು ಮಳೆಗಾಲಕ್ಕೆ ಮೂರು ನಾಲ್ಕು ಮೀಟರ್ ಓಡಿದವು, ಹೂವಿನ ಸುಳಿವಿರಲಿಲ್ಲ. ಮನೆಯಲ್ಲಿ ಅತ್ತೆಯವರು ದಿನವೂ ಬಂದು ನೋಡಿ, ‘ಇದು ಗುಲಾಬಿಯೋ ಸೀಗೆಬಳ್ಳಿಯೋ?’ ಎಂದು ಕೇಳುತ್ತಿದ್ದರು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಹಂಬಿನ ಮೈಮೇಲಿನ ಕೊಕ್ಕೆಮುಳ್ಳು ಹಿಂದಕ್ಕೆ ಬಾಗಿ, ಸೀಗೆಯ ಮುಳ್ಳಿನಂತೆಯೇ ಬಟ್ಟೆಯನ್ನು ಹಿಡಿದರೆ ಬಿಡುವುದಿಲ್ಲ. ಮರ ಹತ್ತಲು ಅದಕ್ಕೆ ಇರುವ ಸಾಧನ ಆ ಕೊಕ್ಕೆಯೇ. ಮಲ್ಲಿಗೆಯಂತೆ ಸುತ್ತಿಕೊಳ್ಳಲು ಬಾರದು, ವೀಳ್ಯದೆಲೆಯ ಬಳ್ಳಿಯಂತೆ ಅಂಟಿಕೊಳ್ಳಲೂ ಬಾರದು. ಕೊಂಬೆಯ ಮೇಲೆ ತಲೆಯಿಟ್ಟು, ಮುಳ್ಳು ಊರಿ, ಮೇಲಕ್ಕೆ ಜಗ್ಗಿಕೊಳ್ಳುತ್ತದೆ. ಆದ್ದರಿಂದ ನೆಟ್ಟಗಿನ ಕಾಂಡದ ಸಿಲ್ವರ್ ಓಕ್ ಮರಕ್ಕೆ ಬಿಟ್ಟರೆ ಮೊದಲ ಕೊಂಬೆ ಸಿಗುವವರೆಗೂ ತೆಂಗಿನ ನಾರಿನ ಹಗ್ಗದಿಂದ ನಾವೇ ಕಟ್ಟಿ ಹತ್ತಿಸಬೇಕಾಗುತ್ತದೆ.

2021ರ ಫೆಬ್ರವರಿಯಲ್ಲಿ ಏಳು ಹೂಗಳು ಬಂದವು. ಮೊಗ್ಗನ್ನು ನೋಡಿದಾಗಲೇ ಈ ಗಿಡದ ಕುಲಗೌರವ ಅರ್ಥವಾಗುತ್ತದೆ. ನೀಳವಾಗಿ, ತುದಿ ಮೊನಚಾಗಿ, ಬೆಣ್ಣೆ ಬಣ್ಣದಲ್ಲಿ ಸುರುಳಿ ಸುತ್ತಿ ನಿಂತ ಆ ಮೊಗ್ಗು, ಇಂದು ಹೂವಿನಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿ ಕೊಡುವ ಗುಲಾಬಿ ಮೊಗ್ಗಿನ ಆಕಾರದ್ದೇ. ಅದಕ್ಕೆ ಕಾರಣವಿದೆ. ಚೀನಾದ ತೋಟಗಳಲ್ಲಿ ಬಹಳ ಹಿಂದೆ ಈ ಕಾಡುಗುಲಾಬಿ ಚೀನಾ ಗುಲಾಬಿಯೊಂದಿಗೆ ಕೂಡಿ ಟೀ ಗುಲಾಬಿಗಳು ಹುಟ್ಟಿದವು. ಅವುಗಳಲ್ಲಿ ಹ್ಯೂಮ್ಸ್ ಬ್ಲಶ್ 1809ರಲ್ಲಿ, ಪಾರ್ಕ್ಸ್ ಯೆಲ್ಲೋ 1824ರಲ್ಲಿ ಇಂಗ್ಲೆಂಡ್ ಸೇರಿದವು. ಅವುಗಳ ಸಂತತಿ ಯುರೋಪಿನ ಗುಲಾಬಿಗಳೊಂದಿಗೆ ಬೆರೆತು 1867ರ ಲಾ ಫ್ರಾನ್ಸ್‌ನಂತಹ ಹೈಬ್ರಿಡ್ ಟೀ ತಳಿಗಳು ಬಂದವು. ಅಂದರೆ ಮದುವೆಮನೆಯಲ್ಲಿ ನಾವು ಕೊಡುವ ಪ್ರತಿಯೊಂದು ನೀಳ ಮೊಗ್ಗಿನ ಗುಲಾಬಿಯ ಮೈಯಲ್ಲೂ ಮಣಿಪುರ, ಬರ್ಮಾ, ಯುನ್ನಾನ್ ಬೆಟ್ಟಗಳ ಈ ಹಂಬಿನ ಒಂದಿಷ್ಟು ಅಂಶವಿದೆ. ಅದರ ಮೂಲವನ್ನು ಹಿತ್ತಲಿನಲ್ಲಿ ಕಂಡದ್ದು ನನಗೆ ಹೇಳಿಕೊಳ್ಳಲಾಗದ ಸಂತೋಷವನ್ನು ಕೊಟ್ಟಿತು.

ಹೂ ಬೆಳಿಗ್ಗೆ ಎಂಟರ ಹೊತ್ತಿಗೆ ಬಿಚ್ಚತೊಡಗುತ್ತದೆ. ಹತ್ತು ಗಂಟೆಗೆ ಐದು ಎಸಳೂ ಬಟ್ಟಲಿನಂತೆ ತೆರೆದು, ನಡುವಿನ ಹೊಂಬಣ್ಣದ ಕೇಸರಗಳ ಗೊಂಚಲು ಕಾಣುತ್ತದೆ. ಆಗ ತುಡುವೆ ಜೇನುಗಳು ಬಂದು ಕೇಸರದ ಮೇಲೆ ಉರುಳಾಡಿ, ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಹೋಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಎಸಳಿನ ಅಂಚು ತುಸು ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಮೊಗ್ಗಿನಲ್ಲಿದ್ದ ಹಳದಿ ಛಾಯೆ ಮಾಸಿ, ಸಂಜೆಗೆ ಕಾಸಿದ ಹಾಲಿನ ಕೆನೆಯ ಬಣ್ಣ ಉಳಿಯುತ್ತದೆ. ಪರಿಮಳ ನಮ್ಮ ಪನ್ನೀರು ಗುಲಾಬಿಯದಲ್ಲ. ಚಹಾ ಪುಡಿಯ ಡಬ್ಬಿಯ ಮುಚ್ಚಳವನ್ನು ಆಗಷ್ಟೇ ತೆಗೆದಾಗ ಬರುವ, ಒಣಗಿದ, ತಿಳಿಯಾದ ವಾಸನೆ. ಗಾಳಿಯಿಲ್ಲದ ಬೆಳಿಗ್ಗೆ ಮರದ ಕೆಳಗೆ ನಿಂತರೆ ಅದು ತಾನಾಗಿ ಇಳಿದು ಬರುತ್ತದೆ. ಒಂದೊಂದು ಹೂ ಎರಡು, ಹೆಚ್ಚೆಂದರೆ ಮೂರು ದಿನ ಬಾಳುತ್ತದೆ. ಕೊಯ್ದು ಹೂದಾನಿಯಲ್ಲಿಟ್ಟರೆ ಅಷ್ಟೂ ಬಾಳುವುದಿಲ್ಲ, ಮುಡಿಯಲು ಎಸಳು ತೀರ ಮೆತ್ತಗೆ, ದೇವರಿಗೆ ಏರಿಸಿದರೆ ಮಂಗಳಾರತಿಯ ಹೊತ್ತಿಗೆ ಉದುರಿರುತ್ತದೆ. ಕೊಯ್ಲಿನ ಹೂ ಬೇಕೆಂದು ಇದನ್ನು ನೆಡುವುದು ವ್ಯರ್ಥ. ಇದು ಮರದ ಮೇಲಿದ್ದೇ ನೋಡಬೇಕಾದ ಹೂ.

ಈಗ ದೋಷಗಳಿಗೆ ಬರುತ್ತೇನೆ. ಇದು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತದೆ. ನಮ್ಮಲ್ಲಿ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ, ಅಂದರೆ ಕಾಫಿಗೆ ಹೂಮಳೆ ಬರುವ ಕಾಲದ ಆಸುಪಾಸಿನಲ್ಲಿ, ಐದಾರು ವಾರ ಅದರ ಹಬ್ಬ. ಉಳಿದ ಹತ್ತೂವರೆ ತಿಂಗಳು ಅದು ಮುಳ್ಳಿನ ಹಸುರು ಪೊದೆ. ವರ್ಷವಿಡೀ ಹೂ ಬೇಕೆನ್ನುವವರು ಬೇರೆ ಗಿಡ ಹುಡುಕಿಕೊಳ್ಳಬೇಕು. ಎರಡನೆಯದಾಗಿ, ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ. ಇದನ್ನು ಮನೆಯವರೆಲ್ಲರಿಗೂ, ತೋಟದ ಕೆಲಸದವರಿಗೂ ಮೊದಲೇ ಹೇಳಿರಬೇಕೆಂಬುದನ್ನು ನಾನು ಕಷ್ಟಪಟ್ಟು ಕಲಿತೆ. 2021ರ ಅಕ್ಟೋಬರ್‌ನಲ್ಲಿ ನಾನು ಊರಿನಲ್ಲಿಲ್ಲದಾಗ, ಮಡಿಯ ಗುಲಾಬಿಗಳನ್ನು ಎಂದಿನಂತೆ ಸವರಲು ಬಂದ ಕೆಲಸಗಾರರು, ಅಕ್ಟೋಬರ್‌ನಲ್ಲಿ ಗುಲಾಬಿ ಸವರಿದರೆ ಒಂದೂವರೆ ತಿಂಗಳಿಗೆ ಹೂ ಬರುತ್ತದೆಂಬ ಸರಿಯಾದ ತಿಳುವಳಿಕೆಯಿಂದಲೇ, ಇದನ್ನೂ ಎದೆಯೆತ್ತರಕ್ಕೆ ಕಡಿದು ಹಾಕಿದ್ದರು. ಅವರ ಮೇಲೆ ಸಿಟ್ಟು ಮಾಡುವ ಹಾಗಿರಲಿಲ್ಲ, ಹೇಳದೆ ಹೋದದ್ದು ನನ್ನ ತಪ್ಪು. 2022ರಲ್ಲಿ ಒಂದೇ ಒಂದು ಹೂ ಬರಲಿಲ್ಲ, 2023ರಲ್ಲಿ ಅಲ್ಲಲ್ಲಿ ಬಂದವು. ಈ ಗಿಡವನ್ನು ಸವರುವುದಿದ್ದರೆ ಹೂ ಮುಗಿದ ಕೂಡಲೇ, ಮಾರ್ಚ್ ಮುಗಿಯುವುದರೊಳಗೆ ಸವರಬೇಕು. ಅದೂ ಒಣಗಿದ ಹಂಬು ಮತ್ತು ದಾರಿಗೆ ಅಡ್ಡ ಬಂದದ್ದನ್ನಷ್ಟೇ.

ಮೂರನೆಯ ತೊಡಕು ಜಾಗದ್ದು. ಕುಂಡದಲ್ಲಿ, ತಾರಸಿಯ ಮೇಲೆ, ಮೂವತ್ತು-ನಲವತ್ತು ನಿವೇಶನದ ಮನೆಯ ಕಾಂಪೌಂಡಿನ ಪಕ್ಕದಲ್ಲಿ ಇದನ್ನು ನೆಡುವ ಆಲೋಚನೆಯನ್ನು ದಯವಿಟ್ಟು ಬಿಡಿ. ಬೆಂಗಳೂರಿನ ನನ್ನ ತಂಗಿ ನನ್ನಿಂದ ಸಸಿ ಒಯ್ದು ದೊಡ್ಡ ಡ್ರಮ್ಮಿನಲ್ಲಿ ಬೆಳೆಸಲು ನೋಡಿದಳು. ಮೂರು ವರ್ಷ ಎಲೆ ಮತ್ತು ಮುಳ್ಳು ಬಿಟ್ಟರೆ ಬೇರೇನನ್ನೂ ಅದು ಕೊಡಲಿಲ್ಲ, ಕೊನೆಗೆ ಮಕ್ಕಳ ಕೈಗೆ ಮುಳ್ಳು ತಾಗಿದ ಮೇಲೆ ಅದನ್ನು ಪರಿಚಯದವರ ತೋಟಕ್ಕೆ ಸಾಗಿಸಬೇಕಾಯಿತು. ಇದಕ್ಕೆ ಬೇಕಾದದ್ದು ಒಂದು ಮರ, ಇಲ್ಲವೇ ಬಲವಾದ ಕಬ್ಬಿಣದ ಚಪ್ಪರ, ಅದೂ ಜನ ಓಡಾಡುವ ದಾರಿಯಿಂದ ದೂರದಲ್ಲಿ.

ಮರದ ಆಯ್ಕೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗಿಡದ ಸೊಗಸೂ ಅಪಾಯವೂ ಅಲ್ಲಿಯೇ ನಿರ್ಧಾರವಾಗುತ್ತವೆ. ನಾನು ಹಾಲುವಾಣವನ್ನು ಆರಿಸಿದ್ದಕ್ಕೆ ಕಾರಣ, ಜನವರಿ-ಫೆಬ್ರವರಿಯಲ್ಲಿ ಅದು ಎಲೆಯುದುರಿಸಿ ಗುಲಾಬಿಗೆ ಬೇಕಾದ ಬಿಸಿಲನ್ನು ಪೂರ್ತಿ ಬಿಟ್ಟುಕೊಡುತ್ತದೆ, ಬೇಸಿಗೆ ಮುಗಿಯುವ ಹೊತ್ತಿಗೆ ಮತ್ತೆ ಚಿಗುರಿ ಬುಡಕ್ಕೆ ನೆರಳು ಕೊಡುತ್ತದೆ. ಎಲೆಯಿಲ್ಲದ ಮರದಲ್ಲಿ ಹಾಲುವಾಣದ ಕೆಂಪು ಹೂಗಳ ನಡುವೆ ಕೆನೆಬಣ್ಣದ ಗುಲಾಬಿಗಳು ಇಳಿಬಿದ್ದ ನೋಟವನ್ನು ಕಂಡ ಮೇಲೆ ಆ ಆಯ್ಕೆ ತಪ್ಪೆಂದು ಹೇಳಲು ನಾಲಿಗೆ ಹೊರಳದು. ಆದರೂ ಹೇಳಲೇಬೇಕು: ಹಾಲುವಾಣದ ಮರ ಮೃದು. 2024ರ ಜುಲೈ ಗಾಳಿಗೆ, ಮಳೆನೀರು ಕುಡಿದು ತೂಕ ಹೆಚ್ಚಿದ್ದ ಹಂಬಿನ ರಾಶಿಯ ಸಮೇತ ತೊಡೆಗಾತ್ರದ ಕೊಂಬೆಯೊಂದು ಮುರಿದು ಬಿತ್ತು. ಅದೃಷ್ಟಕ್ಕೆ ಕೆಳಗೆ ಯಾರೂ ಇರಲಿಲ್ಲ. ಹೊಸದಾಗಿ ನೆಡುವವರು ಗಟ್ಟಿ ಕೊಂಬೆಯ, ನೆರಳು ತೆಳುವಾಗಿರುವ ಬಲಿತ ಮರವನ್ನು ನೋಡಿಕೊಳ್ಳಿ. ಹಲಸಿನಂತಹ ದಟ್ಟ ನೆರಳಿನ ಮರದಡಿಯಲ್ಲಿ ಹಂಬು ಬಿಸಿಲು ಹುಡುಕುತ್ತ ತುದಿಗೆ ಹೋಗಿ ಅಲ್ಲೇ ಅರಳುತ್ತದೆ. ಅದರ ಹೂ ನಮ್ಮ ಪಾಲಿಗಲ್ಲ, ಹಕ್ಕಿಗಳ ಪಾಲಿಗೆ.

ಇಷ್ಟು ಜಾಗವಿಲ್ಲದವರಿಗೆ, ವರ್ಷಕ್ಕೊಮ್ಮೆ ಅರಳಿದರೆ ಸಾಲದೆನ್ನುವವರಿಗೆ ಇದರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಇಂಗ್ಲೆಂಡಿನ ಚಳಿಗೆ ಜೈಗಾಂಟಿಯಾ ಹೊರಗೆ ಒಗ್ಗದೆ, ಗಾಜಿನಮನೆಯ ಗಿಡವಾಗಿಯೇ ಉಳಿಯಿತು. ಅದಕ್ಕೆ ಒಗ್ಗಿದ ನೆಲಗಳು ಬೆಚ್ಚಗಿನವು. ಲಿಸ್ಬನ್ನಿನಲ್ಲಿ ಹೆನ್ರಿ ಕಾಯೋ 1903ರಲ್ಲಿ ಬೆಳೆಸಿದ ಬೆಲ್ ಪೋರ್ಚುಗೇಸ್ ಎಂಬ ನಸುಗೆಂಪು ಹಂಬುಗುಲಾಬಿ ಕ್ಯಾಲಿಫೋರ್ನಿಯಾದ ಹಳೆಯ ಮನೆಗಳ ಗೋಡೆಗಳನ್ನು ಇಂದಿಗೂ ಮುಚ್ಚುತ್ತದೆ. ಆಸ್ಟ್ರೇಲಿಯಾದ ಆಲಿಸ್ಟರ್ ಕ್ಲಾರ್ಕ್ ಇದೇ ಕಾಡುಗುಲಾಬಿಯಿಂದ 1924ರಲ್ಲಿ ಲೊರೇನ್ ಲೀ, 1937ರಲ್ಲಿ ನ್ಯಾನ್ಸಿ ಹೇವರ್ಡ್ ತಳಿಗಳನ್ನು ಕೊಟ್ಟರು. ಇವೆರಡೂ ಒಂದೇ ಸಲಕ್ಕೆ ಸುಮ್ಮನಾಗದೆ ಮತ್ತೆ ಮತ್ತೆ ಅರಳುತ್ತವೆ, ಮೆಲ್ಬರ್ನಿನ ಚಳಿಗಾಲದಲ್ಲೂ ಲೊರೇನ್ ಲೀ ಹೂ ಬಿಡುತ್ತದೆ.

ನಮಗೆ ಇನ್ನೂ ಹತ್ತಿರದ ಕೆಲಸ ಕೊಡೈಕೆನಾಲ್‌ನಲ್ಲಿ ನಡೆದಿದೆ. ಐಎಎಸ್ ಅಧಿಕಾರಿಯಾಗಿದ್ದ ಎಂ.ಎಸ್. ವೀರರಾಘವನ್ ಕೆಲಸದಿಂದ ಬೇಗನೆ ನಿವೃತ್ತರಾಗಿ, ಪತ್ನಿ ಗಿರಿಜಾ ಅವರೊಂದಿಗೆ ಅಲ್ಲಿ ನೆಲೆಸಿ, ಬಿಸಿಪ್ರದೇಶಗಳಿಗೆ ಹೊಂದುವ ಗುಲಾಬಿಗಳನ್ನು ರೂಪಿಸುವುದಕ್ಕಾಗಿ ದಶಕಗಳನ್ನು ಕಳೆದರು. ಜೈಗಾಂಟಿಯಾವನ್ನು ಅದರ ನೆಲೆಯಲ್ಲೇ ನೋಡಲು ದಂಪತಿ ಮಣಿಪುರಕ್ಕೂ ಹೋಗಿ ಬಂದರು. ಪೇಟೆಯ ಗುಲಾಬಿಗಳೊಂದಿಗೆ ಇದರ ಸಂಕರ ಎಷ್ಟು ಕಷ್ಟದ್ದೆಂಬುದನ್ನು ಒಂದು ಲೆಕ್ಕ ತಿಳಿಸುತ್ತದೆ: ಪೇಟೆಯ ಗುಲಾಬಿಗಳಲ್ಲಿ ಸಾಮಾನ್ಯವಾಗಿ ವರ್ಣತಂತುಗಳು 28, ಈ ಕಾಡುಗುಲಾಬಿಯಲ್ಲಿ 14, ಎರಡನ್ನೂ ಸಂಕರಿಸಿದರೆ ಹುಟ್ಟುವ ಸಸಿಗೆ ಒಂದೊಂದರಿಂದ ಅರ್ಧರ್ಧದಂತೆ 21 ಬಂದು, ಅವುಗಳಲ್ಲಿ ಹೆಚ್ಚಿನವು ಬೀಜ ಕಟ್ಟದೆ ಬಂಜೆಯಾಗುತ್ತವೆ. ಅಲ್ಲಿಂದ ಮುಂದಿನ ಪೀಳಿಗೆಗೆ ದಾಟುವುದರಲ್ಲೇ ವರ್ಷಗಳು ಸರಿಯುತ್ತವೆ. ಅಷ್ಟು ಪಾಡುಪಟ್ಟು ಅವರು ಬೆಳೆಸಿದ ತಳಿಗಳಲ್ಲಿ ಮಣಿಪುರ್ ಮ್ಯಾಜಿಕ್, ಸರ್ ಜಾರ್ಜ್ ವಾಟ್, ಫ್ರಾಂಕ್ ಕಿಂಗ್ಡನ್ ವಾರ್ಡ್ ಎಂಬ ಹೆಸರಿನವು ಇವೆ. ಗಿಡದ ಇತಿಹಾಸವೇ ಗಿಡದ ಹೆಸರಾಗಿ ನಿಂತದ್ದು ನನಗೆ ಬಹಳ ಇಷ್ಟವಾದ ಸಂಗತಿ. ನಮ್ಮ ನರ್ಸರಿಗಳು ವಿದೇಶದ ತಳಿಗಳಿಗೆ ಕೊಡುವ ಜಾಗದಲ್ಲಿ ಕಾಲುಭಾಗವನ್ನಾದರೂ ಇಂತಹ ಗಿಡಗಳಿಗೆ ಕೊಡಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಔಷಧಿಯ ಖರ್ಚು ಉಳಿಯುವುದೊಂದೇ ಅದಕ್ಕೆ ಸಾಕಷ್ಟು ಕಾರಣ.

ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡುಗಳ ಅಂಚಿನಲ್ಲಿ ರೋಸಾ ಲೆಶೆನಾಲ್ಟಿಯಾನಾ ಎಂಬ ನಮ್ಮದೇ ಇನ್ನೊಂದು ಬಿಳಿ ಹಂಬುಗುಲಾಬಿ ಇದೆ. ಅದರ ಹೂ ಚಿಕ್ಕದು, ಗೊಂಚಲಿನಲ್ಲಿ ಬರುತ್ತದೆ, ಅಂದದಲ್ಲಿ ಕಡಿಮೆಯಿಲ್ಲ. ಆದರೆ ಅದನ್ನು ಕಾಡಿನಿಂದ ಕಿತ್ತು ತರುವ ಕೆಲಸಕ್ಕೆ ಯಾರೂ ಹೋಗಬಾರದು.

ಕಡ್ಡಿಯಿಂದ ಸಸಿ ಮಾಡುವುದು ಕಷ್ಟವಲ್ಲವಾದರೂ ಎಲ್ಲ ಕಡ್ಡಿಗಳೂ ಹಿಡಿಯುವುದಿಲ್ಲ. ಹೂ ಮುಗಿದ ಮೇಲೆ ಪೆನ್ಸಿಲ್ ಗಾತ್ರದ, ತುಸು ಬಲಿತ ಕಡ್ಡಿಯನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಚೀಲದಲ್ಲಿ ಊರಿ, ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ನನಗೆ ಹತ್ತರಲ್ಲಿ ಮೂರೋ ನಾಲ್ಕೋ ಬೇರು ಬಿಟ್ಟಿವೆ. ಕಾಯಿಗಳು ನಮ್ಮಲ್ಲಿ ಕಟ್ಟುವುದು ಬೆರಳೆಣಿಕೆಯಷ್ಟೇ. ಈ ಬಗೆಯ ಕಾಡುಗುಲಾಬಿಗಳಲ್ಲಿ ಹಲವು ತಮ್ಮದೇ ಪರಾಗಕ್ಕೆ ಬೀಜ ಕಟ್ಟುವುದಿಲ್ಲ, ನಮ್ಮಲ್ಲಿರುವುದು ಒಂದೇ ಗಿಡ. ಕಟ್ಟಿದ ನಾಲ್ಕಾರು ಕಾಯಿಗಳು ಮಾತ್ರ ಸಿಪ್ಪೆ ಸಹಿತ ಅಡಿಕೆಯ ಗಾತ್ರಕ್ಕಿಂತ ತುಸು ಕಿರಿದಾಗಿ, ಗಟ್ಟಿಯಾಗಿ, ತಿಂಗಳುಗಟ್ಟಲೆ ಹಸುರಾಗಿಯೇ ಇದ್ದು ಚಳಿಗಾಲಕ್ಕೆ ಹಳದಿಗೆ ತಿರುಗುತ್ತವೆ. ಹೋದ ವರ್ಷ ಅಂತಹ ಎರಡು ಕಾಯಿ ಒಡೆದು ಬಿತ್ತಿದ ಬೀಜಗಳಲ್ಲಿ ಐದು ಮೊಳೆತಿವೆ. ತಂದೆ ಯಾರೆಂದು ಗೊತ್ತಿಲ್ಲ, ಬಹುಶಃ ಮಡಿಯಲ್ಲಿರುವ ಹಳೆಯ ಟೀ ಗುಲಾಬಿಯೇ ಇರಬೇಕು. ಐದರಲ್ಲಿ ಮೂರರ ಚಿಗುರು ತಾಯಿಯಂತೆ ಕೆಂಪುಗಂದಾಗಿದೆ, ಎರಡರದ್ದು ಬರಿಯ ಹಸುರು. ಅತ್ತೆಯವರು ಅವುಗಳಲ್ಲಿ ಎರಡನ್ನು ತಮ್ಮ ತವರಿನ ಗದ್ದೆಬದಿಯ ನೆಲ್ಲಿಮರಕ್ಕೆಂದು ಈಗಾಗಲೇ ತೆಗೆದಿರಿಸಿದ್ದಾರೆ.